ಬಾಂಡ್ಲಿ ಹೊತ್ತವರ ಕೈಗೆ ಟೇಪು

(ವೈದ್ಯನಾಥಪುರದಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಕಟ್ಟಡ ಕೆಲಸಕ್ಕೆ ಸೇರೋದು ಹೇಗೆ ಅಂತ ಮಾತಾಡಿ ಅಂದ್ರು. ನನಗೆ ನಗು ಬಂತು. ನಮ್ಮ ಕೇರಿಯವರಿಗೆ ಅದನ್ನ ಹೇಳಿಕೊಡಬೇಕಾ? ರಜ ಬಂದ ತಕ್ಷಣ ನಿಮ್ಮಲ್ಲೇ ಎಷ್ಟು ಜನ ಮದ್ದೂರಲ್ಲಿ ರೈಲು ಹತ್ತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಲ್ಲ? ಸೇರೋದು ನಮಗೆ ಗೊತ್ತು. ಸೇರಿದ ಮೆಟ್ಟಿಲಿಂದ ಮೇಲಿನ ಮೆಟ್ಟಿಲಿಗೆ ಹೋಗೋದು ಗೊತ್ತಿಲ್ಲ.

ಈ ಸೀಮೆಯನ್ನೇ ನೋಡಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿಯಕ್ಕೆ 20 ವರ್ಷ ಹಿಡಿಯಿತು. ಇಟ್ಟಿಗೆ ಪುಡಿ, ಸುಣ್ಣ ಸೇರಿಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು ಅದು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ರಸ್ತೆಯ ಉದ್ಘಾಟನೆ ಇಲ್ಲೇ ಗೆಜ್ಜಲಗೆರೆಯಲ್ಲಿ ನಡೆಯಿತು. ಇಂಜಿನಿಯರ ಹೆಸರು ಪಾಠಪುಸ್ತಕದಲ್ಲಿದೆ, ಮಂತ್ರಿಗಳ ಹೆಸರು ಕಲ್ಲಿನಲ್ಲಿದೆ. ಗಾರೆ ಹೊತ್ತವರ ಹೆಸರು ಎಲ್ಲಿದೆ ಹುಡುಕಿ.

ನನ್ನ ಕಥೆ ಹೇಳ್ತೀನಿ. ಎಸ್ಸೆಸ್ಸೆಲ್ಸಿ ಬರೆದ ರಜದಲ್ಲಿ ಅಪ್ಪನ ಜೊತೆ ಪ್ಲಾಸ್ಟರಿಂಗ್ ಕೆಲಸಕ್ಕೆ ಹೋದೆ. ಕೂಲಿ ಚದರದ ಲೆಕ್ಕ. ಒಂದು ಚದರ ಅಂದ್ರೆ 100 ಚದರ ಅಡಿ. ರೂಮು 10 ಅಡಿಗೆ 12 ಅಡಿ, ಎತ್ತರ 10. ಮೇಸ್ತ್ರಿ ಟೇಪು ಎಳೆದು 'ನಾಲ್ಕು ಚದರ' ಅಂತ ಚೀಟಿಯಲ್ಲಿ ಗೀಚಿದ. ನಾನು ಇಟ್ಟಿಗೆ ಚೂರು ತಗೊಂಡು ನೆಲದ ಮೇಲೆ ಲೆಕ್ಕ ಹಾಕಿದೆ. ಸುತ್ತಳತೆ 44, ಎತ್ತರ 10. ಒಟ್ಟು 440. ಮಿಕ್ಕ 40 ಅಡಿ ಎಲ್ಲಿಗೆ ಹೋಯಿತು? ಅಂಥ ಐದು ರೂಮಿಗೆ ಎರಡು ಚದರದ ಕೂಲಿ.

ಕೇಳಿದೆ. 'ಬಾಗಿಲು, ಕಿಟಕಿ ಕಳೆದಿದೀನಿ' ಅಂದ. ಸರಿ, ಬಾಗಿಲು 3ಕ್ಕೆ 7, ಕಿಟಕಿ 4ಕ್ಕೆ 4, ಒಟ್ಟು 37 ಆಯ್ತು. ಹಾಗಾದ್ರೆ ಬಾಗಿಲು ಕಿಟಕಿಯ ಅಂಚಿಗೆಲ್ಲ ನಾವು ಬಳಿದ ಗಾರೆಯ ಲೆಕ್ಕ? ಕಳೆಯುವಾಗ ನೆನಪಾಗೋ ಟೇಪು ಕೂಡುವಾಗ ನೆನಪಾಗಲ್ಲ. ಅಪ್ಪ ನನ್ನ ಕೈ ಹಿಡಿದು ಎಳೆದ: 'ಸುಮ್ನಿರ್ಲಾ, ನಾಳೆ ಕೆಲಸಕ್ಕೆ ಕರೆಯಲ್ಲ.'

ಆ ಮನೆಯ ಗೃಹಪ್ರವೇಶದಲ್ಲಿ ನಮಗೆ ಎಲೆ ಹಾಕಿದ್ದು ಹೊರಗೆ, ಸೆಂಟ್ರಿಂಗ್ ಹಲಗೆಗಳ ಪಕ್ಕ. ಒಳಗಿನ ಗೋಡೆ ಬಳಿದ ಕೈ ನಮ್ಮದೇ. ಆ ಅವಮಾನ ಸಣ್ಣದಲ್ಲ. ಆದರೆ ನಿಜ ಹೇಳಬೇಕು ಅಂದ್ರೆ, ನನ್ನನ್ನ ಪಾಲಿಟೆಕ್ನಿಕ್ಕಿಗೆ ತಳ್ಳಿದ್ದು ಆ 40 ಅಡಿ.

ಈ ಕಸುಬಿನಲ್ಲಿ ದುಡ್ಡು ಇರೋದು ಹೊರುವವನ ಹತ್ರ ಅಲ್ಲ, ಅಳೆದು ಬರೆಯುವವನ ಹತ್ರ. ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲಿ ಸಿವಿಲ್ ನಕ್ಷೆ ಬರೆಯೋ ಎರಡು ವರ್ಷದ ತರಬೇತಿ ಇದೆ. ಡಿಪ್ಲೊಮಾ ಮೂರು ವರ್ಷ. ಮಂಡ್ಯದಲ್ಲಿ 1962ರಿಂದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿದೆ. ಬಿ.ಎ. ಓದೋರೂ ಕಿವಿ ಮುಚ್ಚಬೇಡಿ. ರಜದಲ್ಲಿ ಹೋದಾಗ ಬರೀ ಬಾಂಡ್ಲಿ ಹೊತ್ತು ಬರಬೇಡಿ, ಮೇಸ್ತ್ರಿ ಏನು ಮಾಡ್ತಾನೆ ನೋಡಿ. ದಾರದಲ್ಲಿ 3 ಅಡಿ, 4 ಅಡಿ ಗುರುತು ಮಾಡಿ, ಎರಡರ ತುದಿಗೆ ಅಡ್ಡಲಾಗಿ 5 ಅಡಿ ಬಂದ್ರೆ ಮೂಲೆ ಮಟ್ಟ ಸರಿ. ಅದು ನೀವು ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ ಪೈಥಾಗರಸ್ಸೇ ಕಣ್ರಪ್ಪ. ಮೋಲ್ಡ್ ಹಾಕೋ ದಿನ ಕಾಂಕ್ರೀಟು ಸಲೀಸಾಗಿ ಹರಿಯಲಿ ಅಂತ ನೀರು ಸುರೀತಾರೆ. ನೀರು ಹೆಚ್ಚಿದಷ್ಟೂ ಅದರ ಬಲ ಇಳಿಯುತ್ತೆ. ಯಾಕೆ ಅಂತ ಕೇಳಿ. ಬೈದರೂ ಕೇಳಿ.

ಹೆಣ್ಣುಮಕ್ಕಳ ಮಾತೂ ಬರಬೇಕು. ನಮ್ಮ ಅವ್ವ, ಅಕ್ಕಂದಿರು ಎಷ್ಟು ವರ್ಷ ದುಡಿದರೂ ಅವರ ಕೈಗೆ ಕರಣೆ ಕೊಡಲ್ಲ. ಹೊರೋದು, ನೀರು ಹಾಕೋದು, ಅಷ್ಟೆ. ಇಲ್ಲಿ ಕೂತಿರೋ ಹುಡುಗಿಯರು ನಕ್ಷೆ ಓದೋದನ್ನ ಕಲಿತರೆ ಆ ಮೇಸ್ತ್ರಿಗಳಿಗೆ ಮೊದಲ ಪೆಟ್ಟು ಅದೇ.

ಇನ್ನು ಗುತ್ತಿಗೆ. ಬಾಬಾಸಾಹೇಬರು 1942ರಲ್ಲಿ ವೈಸ್‌ರಾಯ್‌ಗೆ ಕೊಟ್ಟ ಮನವಿಯಲ್ಲೇ ಸರ್ಕಾರಿ ಕಾಮಗಾರಿಯ ಗುತ್ತಿಗೆಯಲ್ಲಿ ನಮ್ಮ ಪಾಲಿನ ಪ್ರಶ್ನೆ ಎತ್ತಿದ್ದರು. ಕರ್ನಾಟಕದಲ್ಲಿ ಸಿದ್ದರಾಮಯ್ಯನವರ ಮೊದಲ ಸರ್ಕಾರದ ಕಾಲದಲ್ಲಿ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲು ಬಂತು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಒಳ್ಳೇದು. ಆದರೆ ಆಮೇಲೆ ಆಗ್ತಿರೋದೇನು? ಲೈಸೆನ್ಸು ನಮ್ಮ ಹುಡುಗನದು, ದುಡ್ಡು ಇನ್ನೊಬ್ಬನದು, ಸಹಿ ಹಾಕಿದ್ದಕ್ಕೆ ನಮ್ಮವನಿಗೆ ಒಂದಿಷ್ಟು ಚಿಲ್ಲರೆ. ಠೇವಣಿಗೆ ದುಡ್ಡಿಲ್ಲ, ಬಿಲ್ಲು ಬರೋದು ತಡ, ಅದೆಲ್ಲ ನಿಜ. ನಾನೂ ಅನುಭವಿಸಿದೀನಿ. ಆದ್ರೂ ಅಳತೆ ಪುಸ್ತಕದಲ್ಲಿ ಏನು ಬರೆದಿದೆ ಅಂತ ಓದಕ್ಕೆ ಬರದ ಗುತ್ತಿಗೆದಾರ ಇನ್ನೂ ಬಾಂಡ್ಲಿ ಹೊರ್ತಾನೇ ಇದಾನೆ, ಕಣ್ಣಿಗೆ ಕಾಣಲ್ಲ ಅಷ್ಟೆ. ಮೊದಲು ಲೇಬರ್ ಕಂಟ್ರಾಕ್ಟಲ್ಲಿ ಒಂದು ಚಿಕ್ಕ ಮನೆ ಹಿಡೀರಿ. ಬಾಗಿಲು ಕಿಟಕಿ ಕಳೆಯಬೇಕಾ ಬೇಡವಾ ಅನ್ನೋದನ್ನ ಕೆಲಸಕ್ಕೆ ಮುಂಚೆಯೇ ಬರೆಸಿಕೊಳ್ಳಿ.

ಮನೆಯಲ್ಲಿ ಗಾರೆ ಕೆಲಸ ಮಾಡೋರು ಇದ್ರೆ ಇನ್ನೊಂದು. ಕರ್ನಾಟಕದಲ್ಲಿ 2007ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಆಯಿತು. ಕಟ್ಟಡದ ವೆಚ್ಚದಲ್ಲಿ ಶೇ. 1 ಸೆಸ್ಸು ಅದಕ್ಕೆ ಹೋಗುತ್ತೆ. 18ರಿಂದ 60 ವಯಸ್ಸಿನೊಳಗಿದ್ದು, ವರ್ಷದಲ್ಲಿ 90 ದಿನ ದುಡಿದವರು ನೋಂದಣಿ ಮಾಡಿಸಬಹುದು. ಅರ್ಜಿ ತುಂಬಿಕೊಡೋ ಕೆಲಸ ನಿಮ್ಮದು. ಅವ್ವನ ಹೆಬ್ಬೆಟ್ಟು ಹಿಡಿದು ಒತ್ತಿಸಿ ಬರೋದಲ್ಲ, ಏನು ಬರೆದಿದೆ ಅಂತ ಅವಳಿಗೆ ಓದಿ ಹೇಳಿ.

ಮಾತು ಜಾಸ್ತಿಯಾಯಿತು. ಚೀಲದಲ್ಲಿ ಎರಡು ಟೇಪು, ಒಂದು ರಸಮಟ್ಟ ತಂದಿದೀನಿ. ಊಟ ಆದ ಮೇಲೆ ಎರಡು ಗುಂಪಾಗಿ ಈ ಕಟ್ಟಡದ ಗೋಡೆಗಳನ್ನ ಅಳೆಯೋಣ. ಇಬ್ಬರ ಲೆಕ್ಕವೂ ಒಂದೇ ಬರುತ್ತಾ ನೋಡೋಣ.