ಕೆಲಸ ಸಿಗುವ ತನಕ

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರು ಇದ್ದರು, ಇಂಜಿನಿಯರು ಇದ್ದರು, ಬ್ಯಾಂಕ್ ಮ್ಯಾನೇಜರು ಇದ್ದರು. ನಾನು ಪರವಾನಗಿ ಭೂಮಾಪಕ. ನಿಮ್ಮ ಮಾತಿನಲ್ಲಿ ಹೇಳುವುದಾದರೆ ಸರ್ವೇರು. ಇಲ್ಲಿ ಕುಳಿತಿರುವ ಅನೇಕರ ಹೊಲದ ಬದು ನನಗೆ ಗೊತ್ತು. ಒಂದಿಬ್ಬರಿಗೆ ನನ್ನ ಮೇಲೆ ಸಿಟ್ಟಿರುವುದೂ ಗೊತ್ತು.

ಸಮಿತಿಯವರು ನನಗೆ ಕೊಟ್ಟ ವಿಷಯ ‘ಯಶಸ್ಸಿನ ಗುಟ್ಟು’. ಅವರ ಅನುಮತಿ ಕೇಳಿ ಅದನ್ನು ಬದಲಾಯಿಸಿಕೊಂಡಿದ್ದೇನೆ. 2001ರಲ್ಲಿ ಬಿ.ಎಸ್ಸಿ. ಮುಗಿಸಿ, 2008ರ ತನಕ ಕೆಲಸ ಹುಡುಕಿದವನು ನಾನು. ಆ ಏಳು ವರ್ಷದ ಬಗ್ಗೆ ಮಾತಾಡುತ್ತೇನೆ. ಯಾಕೆಂದರೆ ಅಗೋ, ಶಾಮಿಯಾನದ ಹೊರಗೆ ಬೈಕುಗಳ ಹತ್ತಿರ ನಿಂತಿದ್ದಾರಲ್ಲ, ಆ ಹುಡುಗರು ಯಾಕೆ ಒಳಗೆ ಬಂದು ಕುಳಿತಿಲ್ಲ ಎಂದು ನನಗೆ ಗೊತ್ತು. ಕೆಲಸ ಆಗದವರು ಸಭೆಯಲ್ಲಿ ಮುಂದೆ ಬಂದು ಕೂರುವುದಿಲ್ಲ. ಹೆಣ್ಣುಮಕ್ಕಳಾದರೆ ಸಭೆಗೇ ಬರುವುದಿಲ್ಲ. ಬಂದರೆ ಎರಡು ಪ್ರಶ್ನೆ ಎದುರಿಸಬೇಕು, ಕೆಲಸದ್ದೊಂದು, ಮದುವೆಯದ್ದೊಂದು.

ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ಮೇಲೂ ಈ ಶಾಲೆಗೆ ಮತ್ತೆ ಮತ್ತೆ ಬರುವವರು ಯಾರು ಹೇಳಿ? ಕೆಲಸ ಸಿಕ್ಕವರಲ್ಲ, ಹುಡುಕುತ್ತಿರುವವರು. ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ಗ್ರಾಮೀಣ ಮೀಸಲಾತಿಗೆ ಒಂದು ಪ್ರಮಾಣಪತ್ರ, ಕನ್ನಡ ಮಾಧ್ಯಮದ ಮೀಸಲಾತಿಗೆ ಇನ್ನೊಂದು. ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲಿ ಓದಿದೆವು ಎಂದು ಬರೆಸಿ, ಮುಖ್ಯೋಪಾಧ್ಯಾಯರ ಸಹಿ, ಮೊಹರು ಹಾಕಿಸಿಕೊಳ್ಳಬೇಕು. ಗ್ರಾಮೀಣದ್ದಕ್ಕೆ ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ನಾನು ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ. ಸೇವಕರು ನನ್ನನ್ನು ಕಂಡ ಕೂಡಲೇ ಮೊಹರಿನ ಪ್ಯಾಡಿಗೆ ಶಾಯಿ ಹಾಕುತ್ತಿದ್ದರು.

ಆಗಿನ ಹೆಡ್ ಮಾಸ್ತರರು ಒಂದು ಸಲವೂ ‘ಇನ್ನೂ ಆಗಲಿಲ್ವೇನೋ’ ಎಂದು ಕೇಳಲಿಲ್ಲ. ‘ಈಗ ಏನು ಓದ್ತಾ ಇದ್ದೀಯಪ್ಪ’ ಎಂದು ಕೇಳುತ್ತಿದ್ದರು. ಎರಡೂ ಪ್ರಶ್ನೆಯೇ. ಆದರೆ ಮೊದಲನೆಯದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ, ಇಲ್ಲ. ಎರಡನೆಯದಕ್ಕೆ ದಿನಾ ಹೊಸ ಉತ್ತರ ಇತ್ತು. ಮೂರನೇ ಸಲವೋ ನಾಲ್ಕನೇ ಸಲವೋ ಹೋದಾಗ ಸಹಿ ಹಾಕಿ, ‘ಸಂಜೆ ಹತ್ತನೇ ತರಗತಿಗೆ ಗಣಿತ ಹೇಳ್ಕೊಡ್ತೀಯಾ? ನಮ್ಮ ಮೇಷ್ಟ್ರಿಗೆ ವರ್ಗ ಆಗಿದೆ’ ಎಂದರು. ಸಂಬಳ ಇರಲಿಲ್ಲ. ಆದರೆ ಅಂದಿನಿಂದ ಊರಿನಲ್ಲಿ ಇಪ್ಪತ್ತು ಮಕ್ಕಳು ನನ್ನನ್ನು ‘ಸಾರ್’ ಅನ್ನತೊಡಗಿದರು. ಮನೆಯಲ್ಲಿ ಖಾಲಿ ಕೂತವನು ಎನಿಸಿಕೊಂಡವನಿಗೆ ಸಂಜೆ ಐದು ಗಂಟೆಗೆ ಕಾಯುವವರು ಇದ್ದಾರೆ ಎಂದರೆ ಅದು ಎಂಥ ಬಲ ಎಂದು ಅನುಭವಿಸಿದವರಿಗೇ ಗೊತ್ತು.

ಹಗಲು ತಿಪಟೂರಿನಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬಿ.ಎಸ್ಸಿ. ಓದಿ ಮಂಡಿ ಲೆಕ್ಕವೇ ಎಂದು ನೆಂಟರು ಅಂದದ್ದುಂಟು. ಬಸ್ಸಿನ ಖರ್ಚು, ಅರ್ಜಿ ಶುಲ್ಕ, ಅವ್ವನ ಮಾತ್ರೆ ಅದರಲ್ಲೇ ನಡೆಯಿತು. ಪರೀಕ್ಷೆ ಬರೆದು ಬಂದ ರಾತ್ರಿಯೇ ಹಾಲ್ ಟಿಕೆಟ್ ಟ್ರಂಕಿಗೆ ಹಾಕಿಬಿಡುತ್ತಿದ್ದೆ. ಫಲಿತಾಂಶ ಬರುವ ತನಕ ಅದರ ಮಾತೇ ಇಲ್ಲ, ಮಾರನೆಯ ದಿನ ಮಂಡಿ, ಸಂಜೆ ಮಕ್ಕಳು. ಪಟ್ಟಿಯಲ್ಲಿ ಹೆಸರು ಇಲ್ಲದ ದಿನವೂ ಐದು ಗಂಟೆಗೆ ತ್ರಿಕೋನಮಿತಿ ಹೇಳಲೇಬೇಕಿತ್ತು. ಅಳುವುದಕ್ಕೆ ಪುರುಸೊತ್ತು ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಡಿಮೆ ಸಿಕ್ಕಿತು.

ಇನ್ನು ಈ ಸರ್ವೇ ಕೆಲಸಕ್ಕೆ ಬಂದದ್ದು. ನಮ್ಮ ಬೀದಿಯಲ್ಲಿ ನಿವೃತ್ತ ಸರ್ವೇಯರೊಬ್ಬರಿದ್ದರು. ಭಾನುವಾರ ಯಾರದಾದರೂ ಹೊಲ ನೋಡಲು ಹೋಗುವಾಗ ಸರಪಳಿಯ ಇನ್ನೊಂದು ತುದಿ ಹಿಡಿಯಲು ಆಳು ಬೇಕಿತ್ತು, ನನ್ನನ್ನು ಕರೆದರು. ಒಂದು ಸರಪಳಿಗೆ 33 ಅಡಿ, ಅದಕ್ಕೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಕಾಲೇಜಿನಲ್ಲಿ ಕಲಿತ ಗಣಿತ ಮೊದಲ ಬಾರಿಗೆ ಮಣ್ಣಿನ ಮೇಲೆ ನಿಂತದ್ದನ್ನು ಆಗ ಕಂಡೆ. ಮುಳ್ಳುಬೇಲಿಯ ಒಳಗೆ ಹೂತುಹೋದ ಬಾಂದುಕಲ್ಲನ್ನು ಹಳೆಯ ಟಿಪ್ಪಣಿ ನೋಡಿ, ‘ಇಲ್ಲಿ ಅಗೀರಿ’ ಎಂದು ಅವರು ತೋರಿಸುತ್ತಿದ್ದರು. ಎರಡಡಿ ಅಗೆದರೆ ಕಲ್ಲು ಸಿಗುತ್ತಿತ್ತು. ಎರಡು ವರ್ಷ ಹಾಗೆ ಭಾನುವಾರಗಳನ್ನು ಕಳೆದೆ, ಇದೇ ನನ್ನ ಕಸುಬಾಗುತ್ತದೆ ಎಂದು ತಿಳಿದು ಅಲ್ಲ, ಇಷ್ಟವಾಗಿತ್ತು ಅಷ್ಟೆ. ಪರವಾನಗಿ ಭೂಮಾಪಕರಿಗೆ ಅರ್ಜಿ ಕರೆದಾಗ ಅವರೇ ಪೇಪರಿನ ತುಂಡು ತಂದು ಕೊಟ್ಟರು. ಪರೀಕ್ಷೆ, ತರಬೇತಿ ಎಲ್ಲ ಆಯಿತು. ಗುಮಾಸ್ತನ ಹುದ್ದೆಗೆ ಏಳು ವರ್ಷ ಕಾದವನು ಬದುವಿನ ಮೇಲೆ ನಿಂತೆ. ಈಗ ಸರಪಳಿ ಹೋಗಿ ರೋವರ್ ಬಂದಿದೆ. ಪಾಲಾಗಿ ಹತ್ತು ವರ್ಷ ಮಾತು ಬಿಟ್ಟ ಅಣ್ಣ ತಮ್ಮಂದಿರು ಅಳತೆ ಮುಗಿದ ಮೇಲೆ ಒಂದೇ ಮರದ ಎಳನೀರು ಕುಡಿದದ್ದನ್ನು ನೋಡಿದ್ದೇನೆ. ಎಲ್ಲ ಕಡೆಯೂ ಹಾಗಾಗುವುದಿಲ್ಲ, ಕೋರ್ಟಿಗೆ ಹೋದವರೂ ಇದ್ದಾರೆ. ಆದರೂ ಈ ಕೆಲಸಕ್ಕೆ ಒಂದು ಅರ್ಥ ಇದೆ ಎಂದು ನನಗೆ ಅನಿಸುವುದು ಅಂಥ ದಿನಗಳಲ್ಲಿ.

ಇದು ನನ್ನೊಬ್ಬನ ಕಥೆಯಲ್ಲ. ಒಂದೇ ವರ್ಷ, 1887ರಲ್ಲಿ ಹುಟ್ಟಿದ ಇಬ್ಬರನ್ನು ನೆನೆಯುತ್ತೇನೆ. ಒಬ್ಬರು ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಸೋಡಾ ಕಾರ್ಖಾನೆಯಲ್ಲಿ ದುಡಿದರು, ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಇದ್ದರು, ಆಮೇಲೆ ಪತ್ರಿಕೆಗೆ ಸೇರಿದರು. ಕಗ್ಗ ಬರೆದ ಕೈ ಬಣ್ಣದ ಕುಂಚ ಹಿಡಿದ ಕೈಯೇ. ಇನ್ನೊಬ್ಬರು ಗಣಿತದ ರಾಮಾನುಜನ್. ಕಾಲೇಜಿನ ಪರೀಕ್ಷೆಯಲ್ಲಿ ಗಣಿತ ಬಿಟ್ಟು ಉಳಿದದ್ದು ಕೈಕೊಟ್ಟಿತು. 1910ರಲ್ಲಿ ನೋಟ್‌ಪುಸ್ತಕ ಹಿಡಿದು, ಡೆಪ್ಯುಟಿ ಕಲೆಕ್ಟರಾಗಿದ್ದ ರಾಮಸ್ವಾಮಿ ಅಯ್ಯರ್ ಅವರ ಹತ್ತಿರ ಒಂದು ಗುಮಾಸ್ತಿಕೆ ಕೇಳಲು ಹೋದರು. ಆ ಪುಣ್ಯಾತ್ಮರು ಪುಸ್ತಕ ತೆರೆದು ನೋಡಿದರು, ತಿಳಿದವರಿಗೆ ಪತ್ರ ಬರೆದುಕೊಟ್ಟರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿ ಕೊಟ್ಟು ಸಾಕಿದರು. 1912ರಲ್ಲಿ ಮದ್ರಾಸು ಬಂದರಿನ ಕಚೇರಿಯಲ್ಲಿ 30 ರೂಪಾಯಿ ಸಂಬಳದ ಗುಮಾಸ್ತರಾದರು. ಇಂಗ್ಲೆಂಡಿನ ಹಾರ್ಡಿಯವರಿಗೆ ಪತ್ರ ಹೋದದ್ದು 1913ರ ಜನವರಿಯಲ್ಲಿ, ಆ ಗುಮಾಸ್ತಿಕೆಯಲ್ಲಿದ್ದಾಗಲೇ. ಮಕ್ಕಳೇ, ನಿಮ್ಮ ಪಾಠದಲ್ಲಿ ಹಾರ್ಡಿ ಹೆಸರು ಬರುತ್ತದೆ. ನನಗೆ ಹೆಚ್ಚು ನೆನಪಾಗುವವರು ಪುಸ್ತಕ ತೆರೆದು ನೋಡಿದ ಆ ಡೆಪ್ಯುಟಿ ಕಲೆಕ್ಟರು.

ಈಗಿನ ಹುಡುಗರ ಪಾಡು ನಮಗಿಂತ ಕಷ್ಟ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಬರೆದವನೂ ಅಷ್ಟು ದಿನ ಕಾದ. ವಯಸ್ಸು ಮಾತ್ರ ಕಾಯುವುದಿಲ್ಲ. ಅಂಥ ಹುಡುಗನಿಗೆ ‘ಧೈರ್ಯವಾಗಿರು’ ಎಂದು ಬಾಯಿಮಾತು ಹೇಳಲು ನನಗೆ ನಾಚಿಕೆಯಾಗುತ್ತದೆ.

ತಂದೆತಾಯಂದಿರಿಗೆ ಒಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಇಷ್ಟು ಲಕ್ಷ ಕೊಟ್ಟರೆ ಕೆಲಸ ಕೊಡಿಸುತ್ತೇನೆ ಎಂದು ಬರುವವರನ್ನು ಜಗಲಿ ಹತ್ತಿಸಬೇಡಿ. ಅದಕ್ಕಾಗಿ ಹೊಲ ಮಾರಿದವರ 11ಇ ನಕ್ಷೆ ನಾನೇ ಮಾಡಿಕೊಟ್ಟಿದ್ದೇನೆ. ಮಾರುವುದು ಯಾಕೆ ಎಂದು ಸರ್ವೇರು ಕೇಳುವ ಹಾಗಿಲ್ಲ, ಗೊತ್ತಾದದ್ದು ಆಮೇಲೆ. ಹೊಲ ಹೋಯಿತು, ಕೆಲಸ ಬರಲಿಲ್ಲ. ಮನೆಯಲ್ಲಿ ಓದುವ ಮಗನೋ ಮಗಳೋ ಇದ್ದರೆ ಪಕ್ಕದ ಮನೆಯವರ ಸಂಬಳ ಊಟದ ಹೊತ್ತಿಗೆ ಎತ್ತಬೇಡಿ. ಹಾಲಿನ ಡೇರಿಯ ಲೆಕ್ಕ, ಅಂಗಡಿ, ಹೊಲಿಗೆ, ಟ್ಯೂಷನ್, ಅವರು ಯಾವುದನ್ನು ಹಿಡಿದರೂ ‘ಇದಕ್ಕಾ ಓದಿಸಿದ್ದು’ ಎನ್ನಬೇಡಿ.

ಗೆಳೆಯರೇ, ನಾವು 1996ರ ಬ್ಯಾಚಿನವರು ಸೇರಿ ಒಂದು ಏರ್ಪಾಡು ಮಾಡಿದ್ದೇವೆ. ಪಂಚಾಯಿತಿ ಗ್ರಂಥಾಲಯದಲ್ಲಿ ಪರೀಕ್ಷೆ ಪುಸ್ತಕಗಳಿಗೆ ಒಂದು ಬೀರು ಇಟ್ಟಿದ್ದೇವೆ, ನನ್ನ ಟ್ರಂಕಿನ ಹಳೆಯ ನೋಟ್ಸೂ ಅದರಲ್ಲಿವೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರ ತನಕ ನಮ್ಮಲ್ಲಿ ಯಾರಾದರೊಬ್ಬರು ಅಲ್ಲಿರುತ್ತೇವೆ. ಅರ್ಜಿ ತುಂಬಬೇಕಾದವರು ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ ತನ್ನಿ. ಅರ್ಜಿ ಇಲ್ಲದಿದ್ದರೂ ಬನ್ನಿ, ಎಂಟನೇ ತರಗತಿಯ ಮಕ್ಕಳಿಗೆ ಭಾಗಾಕಾರ ಹೇಳಿಕೊಡಲು ಜನ ಸಾಲದು. ಬೈಕಿನ ಹತ್ತಿರ ಇರುವವರಿಗೆ ಕೇಳಿಸಿತು ಎಂದುಕೊಳ್ಳುತ್ತೇನೆ. ಊಟದ ಪಂಕ್ತಿ ಶುರುವಾಗಿದೆ, ಅವರನ್ನೂ ಒಳಗೆ ಕರೆಯಿರಿ.