ಕತ್ತಿಗೆ ಹದ ಬೇಕು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ವೇದಿಕೆಯಲ್ಲಿ ಸಾಮಾನ್ಯವಾಗಿ ಡಾಕ್ಟರರು, ಇಂಜಿನಿಯರರು, ಪ್ರಾಂಶುಪಾಲರು ಮಾತಾಡುತ್ತಾರೆ. ಈ ಸಲ ಕೊಟ್ಟಾರದಲ್ಲಿ ಕತ್ತಿ ಮಾಡಿ ಮಾರುವ ನನ್ನನ್ನು ಕರೆದಿದ್ದೀರಿ. ಭಾಷಣ ನನ್ನ ಕಸುಬಲ್ಲ, ತಪ್ಪಿದ್ದರೆ ಕ್ಷಮಿಸಿ.

ಕತ್ತಿ ಎಂದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಜನರ ಮುಖ ಬದಲಾಗುತ್ತದೆ. ಪತ್ರಿಕೆಯಲ್ಲಿ ಆ ಪದ ಹೆಚ್ಚಾಗಿ ಕೆಟ್ಟ ಸುದ್ದಿಯ ಜೊತೆಗೇ ಬರುತ್ತದೆ. ಆದರೆ ನಿಮ್ಮ ಅಡುಗೆಕೋಣೆಗೆ ಹೋಗಿ ನೋಡಿ. ಉಮ್ಮನ ಮೆಟ್ಟುಕತ್ತಿ ಇಲ್ಲದೆ ಮೀನೂ ಇಲ್ಲ, ಸಾರೂ ಇಲ್ಲ.

ನಾನು ಮಾಡುವುದು ಗಿರಾಕಿ ಹೇಳಿ ಮಾಡಿಸಿಕೊಳ್ಳುವ ಕತ್ತಿ. ಅಂಗಡಿಯ ಕತ್ತಿ ಎಲ್ಲರಿಗೂ ಒಂದೇ. ನನ್ನಲ್ಲಿಗೆ ಬಂದವರಿಗೆ ನಾನು ಮೊದಲು ಪ್ರಶ್ನೆ ಕೇಳುತ್ತೇನೆ: ಏನು ಕತ್ತರಿಸುತ್ತೀರಿ? ನಿಂತೋ, ಕೂತೋ? ಎಡಗೈಯೋ, ಬಲಗೈಯೋ? ಅವರ ಅಂಗೈಯ ಅಗಲ ನೋಡಿ ಹಿಡಿಯ ಅಳತೆ ಬರೆದುಕೊಳ್ಳುತ್ತೇನೆ. ಕಬ್ಬಿಣದ ಕೆಲಸ ಆಮೇಲೆ.

ಹತ್ತನೇ ತರಗತಿ ಮುಗಿಸಿ ಒಬ್ಬ ಆಚಾರ್ರ ಕುಲುಮೆಯಲ್ಲಿ ಕೆಲಸಕ್ಕೆ ಸೇರಿದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು, ಅಲಗು ತೆಗೆಯಲು ಕಲಿಸಿದವರು ಅವರು. ಸ್ವಂತವಾಗಿ ಮಾಡಿದ ಮೊದಲ ಕತ್ತಿಯನ್ನು ಮೀನು ಮಾರುವ ಒಬ್ಬ ಅಮ್ಮನಿಗೆ ಕೊಟ್ಟೆ. ಎರಡೇ ದಿನದಲ್ಲಿ ಅಂಜಲ್ ಮೀನಿನ ಮುಳ್ಳಿಗೆ ತಾಗಿ ಅದರ ಬಾಯಿ ಮುರಿಯಿತು. ಆ ಅಮ್ಮ ಬೈಯಲಿಲ್ಲ. "ಮಗಾ, ನಿನ್ನ ಕತ್ತಿಗೆ ಕೋಪ ಜಾಸ್ತಿ, ತಾಳ್ಮೆ ಇಲ್ಲ" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಉಕ್ಕನ್ನು ಕೆಂಪಗೆ ಕಾಯಿಸಿದಾಗ ಸುಮಾರು 770 ಡಿಗ್ರಿಯಲ್ಲಿ ಅದಕ್ಕೆ ಅಯಸ್ಕಾಂತ ಹಿಡಿಯುವುದು ನಿಲ್ಲುತ್ತದೆ. ಅದರಿಂದ ಸ್ವಲ್ಪ ಮೇಲೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅಲಗು ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಒಡೆಯುತ್ತದೆ. ಮತ್ತೆ ಅದನ್ನು ಸುಮಾರು 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಹದ ಮಾಡಬೇಕು. ನಾನು ಅವಸರದಲ್ಲಿ ಹದವನ್ನೇ ಬಿಟ್ಟಿದ್ದೆ. ಇದಕ್ಕೆ ಕಾರಣವೇನೆಂದು ತಿಳಿಯಲು ನಾನು ಮತ್ತೆ ವಿಜ್ಞಾನದ ಪುಸ್ತಕ ತೆರೆದೆ. ಶಾಲೆಯಲ್ಲಿ ಬೇಸರ ತರಿಸಿದ ಪಾಠ ಕುಲುಮೆಯ ಮುಂದೆ ಅರ್ಥವಾಯಿತು.

ವಿದ್ಯಾರ್ಥಿಗಳೇ, ನಮ್ಮ ಕನ್ನಡದ ಉಕ್ಕು ಎಂಬ ಪದದಿಂದಲೇ ಇಂಗ್ಲಿಷರ ವೂಟ್ಸ್ ಎಂಬ ಹೆಸರು ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ದಕ್ಷಿಣ ಭಾರತದ ಆ ಉಕ್ಕಿನ ಬಗ್ಗೆ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಪ್ರಬಂಧ ಮಂಡಿಸಿದರು. ಮುಂದೆ ಮೈಕೆಲ್ ಫ್ಯಾರಡೆ ಅದೇ ಉಕ್ಕನ್ನು ಪರೀಕ್ಷಿಸಿದರು. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಅದೇ ಫ್ಯಾರಡೆ. ಅವರ ತಂದೆ ಕಮ್ಮಾರರು. 1820ರಲ್ಲಿ ಉಕ್ಕಿನ ಬಗ್ಗೆ ಅವರ ಜೊತೆ ಲೇಖನ ಬರೆದ ಸ್ಟೊಡಾರ್ಟ್ ಕತ್ತಿ, ಚೂರಿ ಮಾಡುವ ಕಸುಬಿನವರು. ಕೈಕೆಲಸ ಬೇರೆ, ವಿದ್ಯೆ ಬೇರೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮಾರಾಟಕ್ಕೂ ಲೆಕ್ಕ ಬೇಕು. ಉಕ್ಕು, ಇದ್ದಿಲು, ಹಿಡಿಯ ಮರ, ಹಿತ್ತಾಳೆ ಮೊಳೆ, ಕೆಟ್ಟುಹೋದ ಅಲಗುಗಳು, ಕೊನೆಗೆ ನನ್ನ ಗಂಟೆಗಳು. ಮೊದಲಿಗೆ ನನ್ನ ಗಂಟೆಗಳಿಗೆ ಬೆಲೆ ಹಾಕಲು ನಾಚಿಕೆಯಾಗುತ್ತಿತ್ತು. ಆ ನಾಚಿಕೆಯಿಂದ ಎಷ್ಟೋ ಕುಲುಮೆಗಳು ಮುಚ್ಚಿಹೋಗಿರಬೇಕು. ಕೊಡವರು ಮದುವೆಯಲ್ಲಿ ಚೇಲೆಗೆ ಸಿಕ್ಕಿಸುವ ಬೆಳ್ಳಿಯ ಪೀಚೆಕತ್ತಿಯನ್ನು ನೋಡಿ. ಕೊಳ್ಳುವವರು ಗೌರವ ಕೊಟ್ಟರೆ ಕಸುಬು ಉಳಿಯುತ್ತದೆ.

ಇನ್ನೊಂದು ಮಾತು. ಒಂದು ಸಂಜೆ ಇಬ್ಬರು ಹುಡುಗರು ಬಂದು ಎರಡಡಿ ಉದ್ದದ ಅಲಗು ಕೇಳಿದರು. ಕೇಳಿದಷ್ಟು ಹಣ ಕೊಡುತ್ತೇವೆ ಎಂದರು. "ಏನು ಕತ್ತರಿಸಲಿಕ್ಕೆ?" ಎಂದೆ. ಉತ್ತರ ಬರಲಿಲ್ಲ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಮನೆ, ಕೃಷಿ, ಕೈಗಾರಿಕೆಯಂಥ ಕೆಲಸಕ್ಕಲ್ಲದಿದ್ದರೆ ಅದು ಶಸ್ತ್ರಾಸ್ತ್ರ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ತಿಳಿಸಿದೆ. ಕಾನೂನಿಗಿಂತ ದೊಡ್ಡ ಕಾರಣವನ್ನೂ ಹೇಳಿದೆ: "ಆ ಅಲಗು ಯಾರ ಮಗನಿಗೆ ತಾಗಿದರೂ ಅದರಲ್ಲಿ ನನ್ನ ಸುತ್ತಿಗೆಯ ಗುರುತು ಇರುತ್ತದೆ." ಆ ತಿಂಗಳು ಬಾಡಿಗೆ ಕೊಡಲು ಕಷ್ಟವಾಗಿತ್ತು. ಆದರೂ ಅವರನ್ನು ಚಹಾ ಕುಡಿಸಿ ಕಳುಹಿಸಿದೆ.

ಕಬ್ಬಿಣದ ಕೆಲಸ ಮಾಡಿ ಕೈದುಡಿಮೆಯಿಂದ ಉಂಡ ದಾವೂದ್ ನೆಬಿಯವರ (ಅ.ಸ.) ಕಥೆ ನೀವು ಮದ್ರಸದಲ್ಲೇ ಕೇಳಿದ್ದೀರಿ. ಅವರು ಮಾಡಿದ್ದು ಜೀವ ಕಾಯುವ ಕವಚ.

ನೀವೆಲ್ಲರೂ ಕತ್ತಿ ಮಾಡಬೇಕೆಂದು ನಾನು ಹೇಳುವುದಿಲ್ಲ. ಓದಿ, ದೊಡ್ಡವರಾಗಿ. ಆದರೆ ಯಾವ ಕೆಲಸಕ್ಕೆ ಕೈಹಾಕಿದರೂ ಇದು ಯಾರ ಕೈಗೆ, ಯಾತಕ್ಕೆ ಎಂದು ಮೊದಲು ಕೇಳಿ. ಕಾಯಿಸಿ ಗಟ್ಟಿ ಮಾಡುವುದು ಸುಲಭ, ಹದ ಮಾಡಲು ತಾಳ್ಮೆ ಬೇಕು.