ಹೊಳವಿನ ದಿನಗಳು: ಕೊಕ್ಕರ್ಣೆಯ ಮಳೆ, ಹಾಳೆ, ಸೊಳ್ಳೆ

ಸೀತಾನದಿಯ ದಡದ ಈ ಊರಿನಲ್ಲಿ ದತ್ತಿ ಉಪನ್ಯಾಸ ಕೊಡಲು ಕರೆದಿರಿ. ದತ್ತಿಗೆ ಹೆಸರಾದ ಮಾಸ್ತರರು ಶಾಲೆಯ ಅಂಗಳದಲ್ಲಿ ಮಳೆ ಅಳೆದವರು. ಎಷ್ಟು ಬಂತು ಎಂಬುದರ ಪಕ್ಕದಲ್ಲೇ ಯಾವಾಗ ಬಿಟ್ಟು ಹೊಳವಾಯಿತು ಎಂದೂ ಬರೆದಿಡುತ್ತಿದ್ದರು. ಆ ಎರಡನೆಯ ಸಾಲೇ ಇಂದಿನ ನನ್ನ ಮಾತಿಗೆ ಆಧಾರ.

1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡದ್ದು, ಮಲೇರಿಯಾಕ್ಕೆ ಅನಾಫಿಲಿಸ್, ಡೆಂಗಿಗೆ ಈಡಿಸ್, ಆನೆಕಾಲಿಗೆ ಕ್ಯುಲೆಕ್ಸ್ ಎಂಬುದು ಶಾಲಾಪುಸ್ತಕದಲ್ಲೇ ಇದೆ. ಅದನ್ನು ಅಲ್ಲಿಗೇ ಬಿಟ್ಟು, ಈಡಿಸ್ ತರುವ ಡೆಂಗಿಯ ಮಾತಿಗೆ ಬರುತ್ತೇನೆ.

‘ಮಳೆ ಹೆಚ್ಚಾದರೆ ಸೊಳ್ಳೆ ಹೆಚ್ಚು’ ಎನ್ನುವ ವಿದ್ವಾಂಸರಿದ್ದಾರೆ. ಅವರ ಶ್ರಮಕ್ಕೆ ಗೌರವವಿದೆ, ತೀರ್ಮಾನಕ್ಕೆ ನನ್ನ ಒಪ್ಪಿಗೆಯಿಲ್ಲ. ಪುನರ್ವಸು, ಪುಷ್ಯದ ಜಡಿಮಳೆಯಲ್ಲಿ ಇಲ್ಲಿಯ ತೋಟಕ್ಕೆ ಇಳಿದು ನೋಡಿ. ಬಿದ್ದ ಅಡಿಕೆ ಹಾಳೆ ದೋಣಿಯಂತೆ ತುಂಬಿ ಉಕ್ಕುತ್ತಿರುತ್ತದೆ. ಉಕ್ಕಿದ ನೀರಿನೊಂದಿಗೆ ಮರಿಯೂ ಕೊಚ್ಚಿ ಹೋಗುತ್ತದೆ. ಅದೇ ಹಾಳೆಯನ್ನು ಮಳೆ ಹೊಳವಾದ ಒಂದು ವಾರದ ಮೇಲೆ ಎತ್ತಿ ನೋಡಿದಾಗಲೆಲ್ಲ ಬಾಲ ಮೇಲೆ ಮಾಡಿ ಕುಣಿಯುವ ಹುಳುಗಳನ್ನು ನಾನು ಕಂಡಿದ್ದೇನೆ. ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಗೆರೆಗಿಂತ ತುಸು ಮೇಲೆ, ಒದ್ದೆ ಗೋಡೆಗೆ. ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಮುಂದಿನ ಮಳೆಗೆ ನೀರು ಆ ಗೆರೆ ಮುಟ್ಟಿದೊಡನೆ ಒಡೆಯುತ್ತದೆ. ಅಂದರೆ ಅದಕ್ಕೆ ಬೇಕಾದದ್ದು ಬಂದು, ನಿಂತು, ಮತ್ತೆ ಬರುವ ಮಳೆ. ಕವುಚಿ ಹಾಕದ ರಬ್ಬರ್ ಚಿಪ್ಪಿನಲ್ಲೂ ನಡೆಯುವುದು ಇದೇ.

ಇನ್ನೊಂದು ಪಕ್ಷ ಎಲ್ಲವನ್ನೂ ಉಷ್ಣತೆಯಿಂದ ವಿವರಿಸುತ್ತದೆ. ದೆಹಲಿಗೆ ಅದು ಸರಿ, ಅಲ್ಲಿಯ ಚಳಿಗಾಲ ಡೆಂಗಿಗೆ ತಡೆ ಹಾಕುತ್ತದೆ. ನಮ್ಮ ಕರಾವಳಿಯಲ್ಲಿ ಯಾವ ತಿಂಗಳ ಚಳಿ ಈ ರೋಗಾಣುವನ್ನು ನಿಲ್ಲಿಸೀತು? ಇಲ್ಲಿ ವರ್ಷವಿಡೀ ಸಾಕಷ್ಟು ಸೆಕೆ. ಸದಾ ಇರುವ ಸಂಗತಿ ಏರಿಳಿತಕ್ಕೆ ಕಾರಣವಾಗಲಾರದು.

ನನ್ನ ಗಟ್ಟಿ ತಕರಾರು ಇರುವುದು ಲೆಕ್ಕದ ಕ್ರಮದ ಮೇಲೆ. ಜುಲೈ ಮಳೆಯನ್ನು ಜುಲೈ ಜ್ವರದ ಪಕ್ಕ ಇಟ್ಟು ಸಂಬಂಧ ಉಂಟು, ಇಲ್ಲ ಎಂದು ತೀರ್ಪು ಕೊಡುತ್ತಾರೆ. ಮೊಟ್ಟೆ ಒಡೆದು ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ರೋಗಿಯ ರಕ್ತ ಕುಡಿದ ಮೇಲೆ ರೋಗಾಣು ಅದರೊಳಗೆ ಬಲಿಯಲು ಎಂಟರಿಂದ ಹನ್ನೆರಡು ದಿನ. ಕಚ್ಚಿಸಿಕೊಂಡವರು ಮಲಗಲು ಇನ್ನೂ ನಾಲ್ಕರಿಂದ ಹತ್ತು. ಇಂದು ಆಸ್ಪತ್ರೆಗೆ ಬಂದ ಜ್ವರ ಹುಟ್ಟಿದ್ದು ಹತ್ತಿರ ಹತ್ತಿರ ಒಂದು ತಿಂಗಳ ಹಿಂದಿನ ಹೊಳವಿನಲ್ಲಿ. ಮಾಸ್ತರರ ಎರಡನೆಯ ಸಾಲಿನ ಬೆಲೆ ತಿಳಿಯುವುದು ಇಲ್ಲಿ.

2024ರಲ್ಲಿ ನಮ್ಮ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸಂಜೆ ಪೇಟೆಯಲ್ಲಿ ಬಿಡುವ ಹೊಗೆ, ಹಗಲಿಡೀ ತೋಟದ ನೆರಳಿನಲ್ಲಿ ಕಚ್ಚುವ ಹುಲಿಪಟ್ಟೆಯ ಈಡಿಸ್ ಸೊಳ್ಳೆಯನ್ನು ಮುಟ್ಟುವುದಿಲ್ಲ. ಹಾಳೆಯೊಳಗಿನ ಮರಿಗೆ ಅದರ ಸುದ್ದಿಯೂ ತಿಳಿಯುವುದಿಲ್ಲ.

ತೋಟದವರಿಗೆ ಇನ್ನೊಂದು ಅಪಾಯವಿದೆ, ಇದನ್ನು ಯಾರೂ ಸಾಕಷ್ಟು ಹೇಳಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು ಮಳೆ ಹೊಳವಾದಾಗ. ಮೊದಲ ಮದ್ದಾಗಿ ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು. ಅದಕ್ಕೆ ಆಟಿ ತಿಂಗಳ ಹೊಳವನ್ನೇ ಕಾಯಬೇಕು. ಸೊಳ್ಳೆ ಹಾಳೆಯಿಂದ ಏಳುವ ದಿನಗಳಲ್ಲೇ ಮರ ಹತ್ತುವವನು, ಕೆಳಗೆ ಪಂಪು ಹಿಡಿಯುವವನು, ಮದ್ದು ಕದಡುವ ಹೆಂಗಸರು ಬೆಳಗಿನಿಂದ ಸಂಜೆಯ ತನಕ ಅದೇ ನೆರಳಿನಲ್ಲಿರುತ್ತಾರೆ. ಮಳೆ ನಿಂತ ನಾಲ್ಕನೆಯ ದಿನದೊಳಗೆ, ಮದ್ದಿನ ಪಂಪು ಹೊರಡುವ ಮುಂಚೆ, ಒಂದು ಸುತ್ತು ಹಾಳೆ ಹೆಕ್ಕಿ ಕೊಟ್ಟಿಗೆಗೋ ತಟ್ಟೆ ಮಾಡುವವರಿಗೋ ಸಾಗಿಸಿ. ಆ ಒಂದು ದಿನದ ಕೂಲಿಯನ್ನು ಪಂಚಾಯಿತಿ ಭರಿಸಲಿ ಎಂದು ಈ ವೇದಿಕೆಯಿಂದ ಕೇಳುತ್ತಿದ್ದೇನೆ.